ಯಾರನ್ನು ಮಗುವೆನ್ನಬೇಕು? - ಅಮೆರಿಕದ ಬಾಲನ್ಯಾಯದ ಚರಿತ್ರೆಯಿಂದ ಕೆಲವು ಪುಟಗಳು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮಕ್ಕಳನ್ನು ಗದರಿಸುವಾಗ ಬಳಸುತ್ತೇವೆ. ಆದರೆ ಆ ಮಾತಿನೊಳಗೆ ಗದರಿಕೆಗಿಂತ ಹೆಚ್ಚಾಗಿ ಒಂದು ಭರವಸೆ ಅಡಗಿದೆ. ಗಿಡ ಬಗ್ಗುತ್ತದೆ, ಅದನ್ನು ಮುರಿಯಬೇಕಾಗಿಲ್ಲ ಎಂಬ ಭರವಸೆ ಅದು. ತಪ್ಪು ಮಾಡಿದ ಹುಡುಗನನ್ನು ಕಳ್ಳನೆಂದು ಕರೆದು ಕಳ್ಳರ ನಡುವೆಯೇ ಕೂಡಿಹಾಕಿದರೆ ಅವನು ಕಳ್ಳನಾಗಿಯೇ ಹೊರಬರುತ್ತಾನೆ. ಹತ್ತಿರ ಕೂರಿಸಿಕೊಂಡು ತಿದ್ದಿದರೆ ಮನುಷ್ಯನಾಗುತ್ತಾನೆ. ಉಪಾಧ್ಯಾಯ ವೃತ್ತಿಯಲ್ಲಿ ಬಾಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಭರವಸೆಯನ್ನೇ ಕಾನೂನಾಗಿ ಬರೆದು ಅದಕ್ಕೊಂದು ಪ್ರತ್ಯೇಕ ನ್ಯಾಯಾಲಯವನ್ನು ಕಟ್ಟಿದ ಕೀರ್ತಿ ಅಮೆರಿಕದ ಷಿಕಾಗೋ ನಗರಕ್ಕೆ ಸಲ್ಲುತ್ತದೆ. 1899ರ ಜುಲೈ ತಿಂಗಳಿನಲ್ಲಿ ಅಲ್ಲಿ ಆರಂಭವಾದ ಬಾಲ ನ್ಯಾಯಾಲಯವು ಪ್ರಪಂಚದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಆ ನ್ಯಾಯಾಲಯದ ಚರಿತ್ರೆಯನ್ನು ಓದುತ್ತ ಹೋದಂತೆ ಒಂದು ಪ್ರಶ್ನೆ ಬೆನ್ನು ಬಿಡದೆ ಹಿಂಬಾಲಿಸುತ್ತದೆ. ಮಕ್ಕಳಿಗೆ ಕರುಣೆ ತೋರಬೇಕೆಂದು ಎಲ್ಲರೂ ಒಪ್ಪಿದರು, ಸರಿ. ಆದರೆ ಯಾರನ್ನು ಮಗುವೆಂದು ಎಣಿಸಿದರು? ಈ ಪ್ರಶ್ನೆಗೆ ಆ ದೇಶ ಇನ್ನೂರು ವರ್ಷಗಳಿಂದ ಮೈಬಣ್ಣವನ್ನು ನೋಡಿಯೇ ಉತ್ತರ ಕೊಡುತ್ತ ಬಂದಿರುವುದು ಕಾಣುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಆ ದೇಶದಲ್ಲಿ ನೆಲೆಸಿದ್ದೀರಿ. ನಿಮ್ಮ ಮಕ್ಕಳು ಅಲ್ಲಿಯ ಶಾಲೆಗಳಲ್ಲಿ ಓದುತ್ತಿದ್ದಾರೆ. ಪೌರತ್ವ ಪಡೆದವರಿಗೆ ಜ್ಯೂರಿಯಲ್ಲಿ ಕೂರುವ ಕರೆಯೂ ಬರಬಹುದು. ಆದುದರಿಂದ ಇದು ನಿಮಗೆ ದೂರದ ವಿಷಯವಲ್ಲವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕಥೆ 1899ಕ್ಕಿಂತ ಹಿಂದೆಯೇ ಆರಂಭವಾಗುತ್ತದೆ. ನ್ಯೂಯಾರ್ಕಿನಲ್ಲಿ 1825ರಲ್ಲಿ 'ಹೌಸ್ ಆಫ್ ರೆಫ್ಯೂಜ್' ಎಂಬ ಆಶ್ರಯಗೃಹವೊಂದು ತೆರೆಯಿತು. ಬೀದಿ ಅಲೆಯುವ, ಸಣ್ಣಪುಟ್ಟ ಕಳವು ಮಾಡುವ ಮಕ್ಕಳನ್ನು ದೊಡ್ಡವರ ಸೆರೆಮನೆಗೆ ತಳ್ಳದೆ ಇಲ್ಲಿ ಇರಿಸಿ ಓದು ಮತ್ತು ಕಸುಬು ಕಲಿಸುವುದು ಅದರ ಉದ್ದೇಶ. ಫಿಲಡೆಲ್ಫಿಯಾದಲ್ಲಿ ಇಂಥದೇ ಗೃಹ 1828ರಲ್ಲಿ ಆರಂಭವಾಯಿತು. ಈ ಗೃಹದ ವಿರುದ್ಧ ಒಬ್ಬ ತಂದೆ ತನ್ನ ಮಗಳನ್ನು ಬಿಡಿಸಿಕೊಡಬೇಕೆಂದು ಮೊರೆಹೋದಾಗ, ಪೆನ್ಸಿಲ್ವೇನಿಯಾದ ಉಚ್ಚ ನ್ಯಾಯಾಲಯವು 1838ರಲ್ಲಿ ಒಂದು ಮುಖ್ಯವಾದ ತೀರ್ಪನ್ನಿತ್ತಿತು. ಹೆತ್ತವರು ಮಗುವನ್ನು ಸರಿಯಾಗಿ ನೋಡಿಕೊಳ್ಳಲಾರದಿದ್ದರೆ ರಾಜ್ಯವೇ ತಂದೆಯ ಸ್ಥಾನದಲ್ಲಿ ನಿಲ್ಲಬಹುದು ಎಂಬುದು ಅದರ ತಿರುಳು. ರಾಜನು ಪ್ರಜೆಗಳಿಗೆ ತಂದೆಯ ಸಮಾನ ಎಂಬ ಮಾತು ನಮಗೇನೂ ಹೊಸದಲ್ಲ. ಆದರೆ ಈ ತಂದೆಗೆ ಕಪ್ಪು ಮಕ್ಕಳು ಕಾಣಿಸಲಿಲ್ಲ. ಫಿಲಡೆಲ್ಫಿಯಾದ ಗೃಹದಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಅವರಿಗಾಗಿ ಪ್ರತ್ಯೇಕ ಗೃಹವೊಂದು ತೆರೆಯಲು 1850ನೆಯ ಇಸವಿ ಬರಬೇಕಾಯಿತು. ನಡುವಿನ 22 ವರ್ಷಗಳಲ್ಲಿ ತಪ್ಪು ಮಾಡಿದ ಕಪ್ಪು ಮಗುವಿಗೆ ದೊಡ್ಡವರ ಸೆರೆಮನೆಯೇ ಗತಿಯಾಗಿತ್ತು.

ದಕ್ಷಿಣದ ರಾಜ್ಯಗಳ ಮಾತು ಇನ್ನೂ ಕಠೋರವಾದುದು. ಅಂತರ್ಯುದ್ಧ ಮುಗಿದು 1865ರಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಆದರೆ ಆ ತಿದ್ದುಪಡಿಯಲ್ಲೇ ಒಂದು ವಿನಾಯಿತಿಯನ್ನು ಸೇರಿಸಲಾಗಿತ್ತು. ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಅದೇ ವರ್ಷ ಮಿಸಿಸಿಪಿ ರಾಜ್ಯವು ಅನಾಥರಾದ ಅಥವಾ ಸಾಕಲು ಶಕ್ತಿಯಿಲ್ಲದ ತಂದೆತಾಯಿಗಳ ಕಪ್ಪು ಮಕ್ಕಳನ್ನು ದುಡಿಮೆಗೆ ಒಪ್ಪಿಸುವ ಕಾನೂನು ಮಾಡಿತು. ಹಾಗೆ ಒಪ್ಪಿಸುವಾಗ ಮೊದಲ ಆದ್ಯತೆ ಆ ಮಗುವಿನ ಹಿಂದಿನ ಯಜಮಾನನಿಗೇ! ಮುಂದಿನ ದಶಕಗಳಲ್ಲಿ ಕೈದಿಗಳನ್ನು ಗಣಿಗಳಿಗೆ, ರೈಲು ಹಾದಿಯ ಕಾಮಗಾರಿಗಳಿಗೆ ಗುತ್ತಿಗೆ ಕೊಡುವ ಪದ್ಧತಿ ಬೆಳೆಯಿತು. ಅಲಬಾಮಾದಲ್ಲಿ ಅದು 1928ರವರೆಗೂ ನಡೆಯಿತು. ಆ ಕೈದಿಗಳ ಸಾಲಿನಲ್ಲಿ ಮೀಸೆ ಮೂಡದ ಹುಡುಗರೂ ಇದ್ದರು. ಷಿಕಾಗೋದ ಹೃದಯವಂತರು ಬಾಲ್ಯವೆಂಬುದು ಪವಿತ್ರವಾದುದೆಂದು ಸಾರುತ್ತಿದ್ದ ಕಾಲಕ್ಕೇ, ಅದೇ ದೇಶದ ಇನ್ನೊಂದು ತುದಿಯಲ್ಲಿ ಮಕ್ಕಳ ಕಾಲಿಗೆ ಸರಪಳಿ ಇತ್ತು.

ಷಿಕಾಗೋದ ಪ್ರಯತ್ನವನ್ನು ನಾನು ಕೀಳುಗಟ್ಟುತ್ತಿಲ್ಲ. ಜೇನ್ ಆಡಮ್ಸ್, ಜೂಲಿಯಾ ಲೇಥ್ರಾಪ್, ಲೂಸಿ ಫ್ಲವರ್ ಮೊದಲಾದ ಮಹಿಳೆಯರ ವರ್ಷಗಳ ದುಡಿಮೆಯ ಫಲ ಅದು. ಹದಿನಾರು ವರ್ಷದೊಳಗಿನ ಮಗು ಏನು ತಪ್ಪು ಮಾಡಿತು ಎನ್ನುವುದಕ್ಕಿಂತ, ಅದಕ್ಕೆ ಏನು ಬೇಕಾಗಿದೆ ಎಂದು ಕೇಳುವ ನ್ಯಾಯಾಲಯ ಅದು. ಅಲ್ಲಿ ಸಾಮಾನ್ಯವಾಗಿ ಜ್ಯೂರಿಯಿಲ್ಲ, ವಕೀಲರ ವಾಗ್ವಾದವಿಲ್ಲ. ಪ್ರೊಬೇಷನ್ ಅಧಿಕಾರಿಯೊಬ್ಬರು ಮಗುವಿನ ಮನೆ, ಶಾಲೆ, ನೆರೆಹೊರೆಗಳನ್ನು ವಿಚಾರಿಸಿ ವರದಿ ಬರೆಯುತ್ತಾರೆ. ನ್ಯಾಯಾಧೀಶರು ತಂದೆಯಂತೆ ಮಾತನಾಡಿಸಿ ತಮಗೆ ಸರಿತೋರಿದ್ದನ್ನು ಮಾಡುತ್ತಾರೆ. ಈ ಮಾದರಿ ಎಷ್ಟು ಜನಪ್ರಿಯವಾಯಿತೆಂದರೆ 1925ರ ಹೊತ್ತಿಗೆ ಆಗಿನ 48 ರಾಜ್ಯಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲ ಕಡೆಯೂ ಬಾಲ ನ್ಯಾಯಾಲಯಗಳು ಬಂದಿದ್ದವು.

ಆದರೆ 'ಸರಿತೋರಿದ್ದನ್ನು ಮಾಡುವುದು' ಎಂಬಲ್ಲಿಯೇ ತೊಡಕಿತ್ತು. ನ್ಯಾಯಾಧೀಶರಿಗೆ ಮಗುವನ್ನು ಒಳ್ಳೆಯ ಸಂಸ್ಥೆಗೆ ಕಳುಹಿಸುವ ಮನಸ್ಸಿದ್ದರೂ, ಷಿಕಾಗೋದ ಅನೇಕ ಖಾಸಗಿ ಮತ್ತು ಧಾರ್ಮಿಕ ಸಂಸ್ಥೆಗಳು ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ದಕ್ಷಿಣದಿಂದ ಲಕ್ಷಾಂತರ ಕಪ್ಪು ಕುಟುಂಬಗಳು ಉತ್ತರದ ನಗರಗಳಿಗೆ ವಲಸೆ ಬಂದ ಮೇಲಂತೂ ಈ ಕೊರತೆ ಎದ್ದು ಕಂಡಿತು. ಬಿಳಿಯ ಅನಾಥ ಬಾಲಕ ಅನಾಥಾಲಯಕ್ಕೆ ಹೋದರೆ, ಅದೇ ಸ್ಥಿತಿಯ ಕಪ್ಪು ಬಾಲಕ ಬೇರೆ ಜಾಗವಿಲ್ಲವೆಂಬ ಒಂದೇ ಕಾರಣಕ್ಕೆ ಸರ್ಕಾರದ ಸುಧಾರಣಾ ಶಾಲೆಗೆ, ಅಂದರೆ ಅಪರಾಧಿ ಮಕ್ಕಳ ಸಾಲಿಗೆ ಸೇರುತ್ತಿದ್ದ. ಕಾನೂನಿನ ಅಕ್ಷರದಲ್ಲಿ ಎಲ್ಲಿಯೂ ಬಣ್ಣದ ಮಾತಿರಲಿಲ್ಲ; ಫಲಿತಾಂಶದಲ್ಲಿ ಮಾತ್ರ ಇತ್ತು.

ಈ ಅನ್ಯಾಯವನ್ನು ಮೊದಲು ಕಂಡು ಕೈಕಟ್ಟಿ ಕೂರದವರು ಕಪ್ಪು ಸಮುದಾಯದ ಮಹಿಳೆಯರೇ. ಈ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲಬಾಮಾದ ಕಪ್ಪು ಮಹಿಳೆಯರ ಸಂಘಗಳು ಚಂದಾ ಎತ್ತಿ 1907ರಲ್ಲಿ ಮೌಂಟ್ ಮೀಗ್ಸ್ ಎಂಬಲ್ಲಿ ಕಪ್ಪು ಹುಡುಗರಿಗಾಗಿ ಸುಧಾರಣಾ ಶಾಲೆಯೊಂದನ್ನು ತೆರೆದವು. ಬಿಳಿಯ ಹುಡುಗರಿಗೆ ರಾಜ್ಯದ ಶಾಲೆ ಆಗಲೇ ಇತ್ತು. ಕಪ್ಪು ಹುಡುಗರಿಗೆ ಇದ್ದುದು ಸೆರೆಮನೆ ಮತ್ತು ಗಣಿ. 1911ರಲ್ಲಿ ರಾಜ್ಯ ಸರ್ಕಾರ ಈ ಶಾಲೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ವರ್ಜೀನಿಯಾದಲ್ಲಿ ಜೇನಿ ಪೋರ್ಟರ್ ಬ್ಯಾರೆಟ್ ಎಂಬ ಮಹಿಳೆ ಇದೇ ರೀತಿ ದುಡಿದು 1915ರಲ್ಲಿ ಕಪ್ಪು ಹುಡುಗಿಯರಿಗಾಗಿ ಔದ್ಯೋಗಿಕ ಶಾಲೆಯೊಂದನ್ನು ತೆರೆದರು. ತಮ್ಮ ಮಕ್ಕಳೂ ಮಕ್ಕಳೇ ಎಂದು ಸಾಬೀತು ಮಾಡುವುದಕ್ಕೆ ಈ ತಾಯಂದಿರು ತಮ್ಮ ಕೈಯಿಂದ ಹಣ ಕೂಡಿಸಿ ಕಟ್ಟಡ ಕಟ್ಟಬೇಕಾಯಿತು.

ಇಂಥ ಸಂಸ್ಥೆಗಳಿಂದ ಹೊರಬಂದ ಇಬ್ಬರ ಹೆಸರನ್ನು ಪ್ರಪಂಚ ಬಲ್ಲದು. ನ್ಯೂ ಆರ್ಲಿಯನ್ಸಿನ ಬೀದಿಯಲ್ಲಿ 1912ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷದ ಸಂಭ್ರಮದಲ್ಲಿ ಆಕಾಶಕ್ಕೆ ಪಿಸ್ತೂಲು ಹಾರಿಸಿದ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಪೊಲೀಸರು ಹಿಡಿದರು. ಮರುದಿನವೇ ಅವನನ್ನು ಕಪ್ಪು ಅನಾಥ ಬಾಲಕರ ಗೃಹಕ್ಕೆ ಕಳುಹಿಸಲಾಯಿತು. ಅಲ್ಲಿ ಪೀಟರ್ ಡೇವಿಸ್ ಎಂಬ ಶಿಕ್ಷಕರು ಅವನ ಕೈಗೆ ಕಾರ್ನೆಟ್ ವಾದ್ಯವನ್ನು ಕೊಟ್ಟರು. ಆ ಹುಡುಗನೇ ಲೂಯಿ ಆರ್ಮ್‌ಸ್ಟ್ರಾಂಗ್. ಇನ್ನೊಬ್ಬ ಸ್ಯಾಚೆಲ್ ಪೇಜ್. ಸಣ್ಣ ಕಳವು ಮತ್ತು ಶಾಲೆ ತಪ್ಪಿಸಿದ ಕಾರಣಕ್ಕೆ 1918ರಲ್ಲಿ ಹನ್ನೆರಡರ ವಯಸ್ಸಿನಲ್ಲಿ ಮೌಂಟ್ ಮೀಗ್ಸ್ ಸೇರಿ, ಐದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು, ಚೆಂಡೆಸೆತವನ್ನು ಕಲಿತು ಬೇಸ್‌ಬಾಲಿನ ಮಹಾನ್ ಆಟಗಾರರಲ್ಲಿ ಒಬ್ಬನಾದ. ಒಬ್ಬ ಒಳ್ಳೆಯ ಮೇಷ್ಟ್ರು ಸಿಕ್ಕಿದರೆ ಏನಾಗಬಹುದು ಎಂಬುದಕ್ಕೆ ಇವು ನಿದರ್ಶನಗಳು, ನಿಜ. ಆದರೆ ಆಟದ ಉಂಗುರ ಕದ್ದ ಹನ್ನೆರಡು ವರ್ಷದ ಹುಡುಗನಿಗೆ ಐದು ವರ್ಷಗಳ ಬಂಧನವೆಂಬುದನ್ನು ಮರೆತು ಕೀರ್ತಿಯನ್ನಷ್ಟೇ ಹೇಳುವುದು ಸರಿಯಲ್ಲ. ಅದೇ ಮೌಂಟ್ ಮೀಗ್ಸ್ ಮುಂದೆ ಹತ್ತಿ ಹೊಲದ ದುಡಿಮೆಗೂ ಕ್ರೂರ ಹೊಡೆತಕ್ಕೂ ಹೆಸರಾಯಿತು. ಡೆನ್ನಿ ಆಬಟ್ ಎಂಬ ಬಿಳಿಯ ಪ್ರೊಬೇಷನ್ ಅಧಿಕಾರಿ ಅಲ್ಲಿಂದ ತಪ್ಪಿಸಿಕೊಂಡು ಬಂದ ಹುಡುಗಿಯರ ಮಾತು ಕೇಳಿ 1969ರಲ್ಲಿ ರಾಜ್ಯದ ಮೇಲೆಯೇ ಮೊಕದ್ದಮೆ ಹೂಡಿದರು. ಮುಂದೆ ಅವರು ಕೆಲಸ ಕಳೆದುಕೊಂಡರು.

ಫ್ಲಾರಿಡಾದ ಮಾರಿಯಾನಾ ಊರಿನಲ್ಲಿದ್ದ, ಡೋಜಿಯರ್ ಶಾಲೆ ಎಂದು ಹೆಸರಾದ ಸುಧಾರಣಾ ಶಾಲೆ 1900ರಲ್ಲಿ ಆರಂಭವಾಗಿ 2011ರಲ್ಲಿ ಮುಚ್ಚಿತು. 1960ರ ದಶಕದ ಕೊನೆಯವರೆಗೂ ಅಲ್ಲಿ ಬಿಳಿಯ ಹುಡುಗರಿಗೊಂದು ಆವರಣ, ಕಪ್ಪು ಹುಡುಗರಿಗೊಂದು ಆವರಣ. ಕಪ್ಪು ಹುಡುಗರ ಕಡೆಯ ಕಾಡಿನಂಚಿನಲ್ಲಿ ಒಂದು ಸ್ಮಶಾನವಿತ್ತು. ಅಲ್ಲಿ 31 ಶಿಲುಬೆಗಳನ್ನು ನೆಡಲಾಗಿತ್ತು. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಎರಿನ್ ಕಿಮ್ಮರ್ಲೆ ಅವರ ತಂಡ 2013ರಲ್ಲಿ ಅಗೆದಾಗ ಸಿಕ್ಕ ಸಮಾಧಿಗಳು 55. ಅಲ್ಲಿ ಮಲಗಿದ್ದವರಲ್ಲಿ ಹೆಚ್ಚಿನವರು ಕಪ್ಪು ಮಕ್ಕಳು. ಫ್ಲಾರಿಡಾದ ಶಾಸನಸಭೆ 2017ರಲ್ಲಿ ಕ್ಷಮೆ ಯಾಚಿಸಿತು. 2024ರಲ್ಲಿ ಬದುಕುಳಿದವರಿಗೆಂದು ಎರಡು ಕೋಟಿ ಡಾಲರುಗಳ ಪರಿಹಾರನಿಧಿಯನ್ನು ಮಂಜೂರು ಮಾಡಿತು. ಹುಡುಗರಾಗಿ ಹೊಡೆತ ತಿಂದವರು ಆ ವೇಳೆಗೆ ಮುದುಕರಾಗಿದ್ದರು.

ಇನ್ನು ಜಾರ್ಜ್ ಸ್ಟಿನ್ನಿಯ ವಿಷಯ. ಇದನ್ನು ಬರೆಯುವುದು ಸುಲಭವಲ್ಲ, ಬರೆಯದಿರುವುದೂ ಸಾಧ್ಯವಿಲ್ಲ. ದಕ್ಷಿಣ ಕ್ಯಾರೊಲಿನಾ ರಾಜ್ಯದ ಆಲ್ಕೋಲು ಎಂಬ ಸಣ್ಣ ಊರು. ಮರ ಕೊಯ್ಯುವ ಕಾರ್ಖಾನೆಯೇ ಅಲ್ಲಿಯ ಜೀವನಾಧಾರ. 1944ರ ಮಾರ್ಚ್ ತಿಂಗಳಿನಲ್ಲಿ ಹೂ ಹುಡುಕಿಕೊಂಡು ಹೋದ ಇಬ್ಬರು ಪುಟ್ಟ ಬಿಳಿಯ ಹುಡುಗಿಯರು ಕೊಲೆಯಾದರು. ಅವರನ್ನು ಕಂಡು ಮಾತನಾಡಿದ್ದನೆಂದು ಹದಿನಾಲ್ಕು ವರ್ಷದ ಕಪ್ಪು ಬಾಲಕ ಜಾರ್ಜನನ್ನು ಪೊಲೀಸರು ಹಿಡಿದರು. ವಿಚಾರಣೆಯ ಕೋಣೆಯಲ್ಲಿ ಅವನೊಡನೆ ತಂದೆಯಿಲ್ಲ, ತಾಯಿಯಿಲ್ಲ, ವಕೀಲನಿಲ್ಲ. ಅವನು ತಪ್ಪೊಪ್ಪಿಕೊಂಡನೆಂದು ಪೊಲೀಸರು ಹೇಳಿದರು. ಅವನ ಸಹಿಯುಳ್ಳ ಹೇಳಿಕೆ ಯಾವುದೂ ಉಳಿದಿಲ್ಲ. ತಂದೆಯನ್ನು ಕೆಲಸದಿಂದ ತೆಗೆದರು; ಕುಟುಂಬ ಪ್ರಾಣಭಯದಿಂದ ಊರು ಬಿಟ್ಟಿತು. ಏಪ್ರಿಲ್ 24ರಂದು ಒಂದೇ ದಿನದಲ್ಲಿ ವಿಚಾರಣೆ ಮುಗಿಯಿತು. ಜ್ಯೂರಿಯಲ್ಲಿದ್ದವರೆಲ್ಲರೂ ಬಿಳಿಯ ಗಂಡಸರು; ತೀರ್ಮಾನಕ್ಕೆ ಬರಲು ಅವರಿಗೆ ಸುಮಾರು ಹತ್ತು ನಿಮಿಷ ಸಾಕಾಯಿತು. ಮೇಲ್ಮನವಿ ಸಲ್ಲಿಸುವವರೇ ಇರಲಿಲ್ಲ. ಕ್ಷಮಾದಾನದ ಕೋರಿಕೆಗಳನ್ನು ರಾಜ್ಯಪಾಲರು ತಳ್ಳಿಹಾಕಿದರು. ಜೂನ್ 16ರಂದು ಆ ಹುಡುಗನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದರು. ದೊಡ್ಡವರಿಗಾಗಿ ಮಾಡಿದ್ದ ಆ ಕುರ್ಚಿ ಅವನ ಮೈಗೆ ದೊಡ್ಡದಾಗಿತ್ತು.

ಎಪ್ಪತ್ತು ವರ್ಷಗಳ ಬಳಿಕ, 2014ರ ಡಿಸೆಂಬರ್ 17ರಂದು, ನ್ಯಾಯಾಧೀಶೆ ಕಾರ್ಮೆನ್ ಮಲೆನ್ ಅವರು ಆ ತೀರ್ಪನ್ನು ರದ್ದುಪಡಿಸಿದರು. ಕೊಲೆ ಮಾಡಿದವರು ಯಾರೆಂದು ಅವರು ನಿರ್ಣಯಿಸಲಿಲ್ಲ. ಈ ಹುಡುಗನಿಗೆ ನ್ಯಾಯಸಮ್ಮತವಾದ ವಿಚಾರಣೆಯೇ ಸಿಗಲಿಲ್ಲವೆಂದು ಹೇಳಿದರು. ನಾನು ಎಂಟನೆಯ, ಒಂಬತ್ತನೆಯ ತರಗತಿಗಳಿಗೆ ಪಾಠ ಮಾಡಿದವನು. ಹದಿನಾಲ್ಕು ವರ್ಷದ ಹುಡುಗನೆಂದರೆ ಏನು ಎಂಬುದು ನನಗೆ ಗೊತ್ತು. ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಳ್ಳಲು ಬಾರದ, ಪ್ರಶ್ನೆ ಕೇಳಿದರೆ ದೊಡ್ಡವರಿಗೆ ಯಾವ ಉತ್ತರ ಬೇಕೋ ಅದನ್ನು ಹುಡುಕುವ ವಯಸ್ಸು ಅದು.

ನ್ಯಾಯಾಲಯಗಳು ಈ ಸ್ಥಿತಿಯನ್ನು ನೋಡದೆ ಇರಲಿಲ್ಲ. ವಾಷಿಂಗ್ಟನ್ ನಗರದ ಮಾರಿಸ್ ಕೆಂಟ್ ಎಂಬ ಹದಿನಾರರ ಕಪ್ಪು ಹುಡುಗನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾಲಕನನ್ನು ದೊಡ್ಡವರ ನ್ಯಾಯಾಲಯಕ್ಕೆ ವರ್ಗಾಯಿಸುವ ಮೊದಲು ವಿಚಾರಣೆ ನಡೆಸಿ ಕಾರಣ ಹೇಳಬೇಕೆಂದು 1966ರಲ್ಲಿ ವಿಧಿಸಿತು. ಮರುವರ್ಷ ಬಂದ ಗಾಲ್ಟ್ ತೀರ್ಪು ಇನ್ನೂ ಪ್ರಸಿದ್ಧವಾದುದು. ಆರಿಜೋನಾದ ಹದಿನೈದು ವರ್ಷದ ಜೆರಾಲ್ಡ್ ಗಾಲ್ಟ್ ನೆರೆಯವರಿಗೆ ಅಸಭ್ಯವಾಗಿ ದೂರವಾಣಿ ಕರೆ ಮಾಡಿದನೆಂದು, ಇಪ್ಪತ್ತೊಂದು ತುಂಬುವವರೆಗೂ ಸುಧಾರಣಾ ಶಾಲೆಯಲ್ಲಿ ಇರಿಸಬಹುದೆಂದು ಆದೇಶವಾಯಿತು. ಅದೇ ತಪ್ಪಿಗೆ ದೊಡ್ಡವನೊಬ್ಬನಿಗೆ ಸಿಗಬಹುದಾಗಿದ್ದ ಗರಿಷ್ಠ ಶಿಕ್ಷೆ ಐವತ್ತು ಡಾಲರು ದಂಡ ಅಥವಾ ಎರಡು ತಿಂಗಳ ಸಜೆ! ಮಕ್ಕಳಿಗೂ ವಕೀಲರ ನೆರವು, ಆರೋಪವನ್ನು ತಿಳಿಯುವ ಹಕ್ಕು, ಮೌನವಾಗಿರುವ ಹಕ್ಕು ಉಂಟೆಂದು 1967ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ನಿಯಮವಿಲ್ಲದ ಕರುಣೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬ ಅರಿವು ಆ ತೀರ್ಪಿನ ಹಿಂದೆ ಇದೆ. ಕರುಣೆ ತನ್ನಂತೆಯೇ ಕಾಣುವವರ ಕಡೆಗೆ ಬೇಗ ಹರಿಯುತ್ತದೆ.

ಆದರೆ ಗಡಿಯಾರದ ಲೋಲಕದಂತೆ ಕಾಲವು ಮತ್ತೆ ಹಿಂದಕ್ಕೆ ತೂಗಿತು. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ನಗರಗಳಲ್ಲಿ ಕ್ರ್ಯಾಕ್ ಎಂಬ ಮಾದಕವಸ್ತುವೂ ಬಂದೂಕುಗಳೂ ಹರಡಿ, ಹದಿಹರೆಯದವರ ಕೊಲೆಗಳು ನಿಜವಾಗಿಯೂ ಏರಿದವು. ಜನರ ಭಯ ಸುಳ್ಳಾಗಿರಲಿಲ್ಲ. 1989ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಬ್ಬ ಮಹಿಳೆಯ ಮೇಲೆ ಘೋರ ದಾಳಿ ನಡೆದಾಗ 14ರಿಂದ 16 ವರ್ಷದ ಐವರು ಹುಡುಗರನ್ನು ಹಿಡಿದರು; ನಾಲ್ವರು ಕಪ್ಪು ಜನಾಂಗದವರು, ಒಬ್ಬ ಲ್ಯಾಟಿನೋ. ದೀರ್ಘ ವಿಚಾರಣೆಯಲ್ಲಿ ಹೊರಡಿಸಿದ ತಪ್ಪೊಪ್ಪಿಗೆಗಳ ಮೇಲೆ ಶಿಕ್ಷೆಯಾಯಿತು. ನಿಜವಾದ ಅಪರಾಧಿ ತಾನೇ ಒಪ್ಪಿಕೊಂಡು, ಡಿಎನ್‌ಎ ಪರೀಕ್ಷೆ ಅದನ್ನು ದೃಢಪಡಿಸಿದ ಮೇಲೆ 2002ರಲ್ಲಿ ಆ ಶಿಕ್ಷೆಗಳು ರದ್ದಾದವು. ಐವರಲ್ಲಿ ಒಬ್ಬರಾದ ಯೂಸೆಫ್ ಸಲಾಮ್ 2023ರಲ್ಲಿ ಅದೇ ನಗರದ ಪಾಲಿಕೆಗೆ ಸದಸ್ಯರಾಗಿ ಆಯ್ಕೆಯಾದರು.

1995ರಲ್ಲಿ ಜಾನ್ ಡಿಯುಲಿಯೋ ಎಂಬ ಪ್ರಾಧ್ಯಾಪಕರು 'ಸೂಪರ್ ಪ್ರೆಡೇಟರ್' ಎಂಬ ಪದವನ್ನು ಚಲಾವಣೆಗೆ ತಂದರು. ಮನಸ್ಸಾಕ್ಷಿಯೇ ಇಲ್ಲದ ಹುಡುಗರ ಪೀಳಿಗೆಯೊಂದು ಬೆಳೆದು ಬರುತ್ತಿದೆ ಎಂಬುದು ಅವರ ಭವಿಷ್ಯವಾಣಿ. ಬೇಟೆಮೃಗವನ್ನು ಸೂಚಿಸುವ ಆ ಪದ ಯಾವ ಬೀದಿಯ, ಯಾವ ಬಣ್ಣದ ಹುಡುಗರನ್ನು ಕುರಿತದ್ದೆಂಬುದು ಕೇಳಿದವರಿಗೆಲ್ಲ ತಿಳಿಯುತ್ತಿತ್ತು. ತಮಾಷೆಯೆಂದರೆ, ಆ ವೇಳೆಗಾಗಲೇ ಅಪರಾಧಗಳು ಇಳಿಯತೊಡಗಿದ್ದವು. ಭವಿಷ್ಯವಾಣಿ ಸುಳ್ಳಾಯಿತು, ಕಾನೂನುಗಳು ಮಾತ್ರ ನಿಜವಾದವು. 1990ರ ದಶಕದಲ್ಲಿ 40ಕ್ಕೂ ಹೆಚ್ಚು ರಾಜ್ಯಗಳು ಮಕ್ಕಳನ್ನು ದೊಡ್ಡವರ ನ್ಯಾಯಾಲಯಕ್ಕೆ ಕಳುಹಿಸುವುದನ್ನು ಸುಲಭಗೊಳಿಸಿದವು. ಪ್ರಾಧ್ಯಾಪಕರು ಮುಂದೆ ತಮ್ಮ ಮಾತು ತಪ್ಪಾಯಿತೆಂದು ಒಪ್ಪಿಕೊಂಡರು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಮಕ್ಕಳ ಪರವಾದ ಮನವಿಗೆ ಸಹಿಯನ್ನೂ ಹಾಕಿದರು. ಅದೇ ನ್ಯಾಯಾಲಯವು 2005ರಲ್ಲಿ ಹದಿನೆಂಟರೊಳಗೆ ಮಾಡಿದ ಅಪರಾಧಕ್ಕೆ ಮರಣದಂಡನೆಯನ್ನು ನಿಷೇಧಿಸಿತ್ತು; 2012ರಲ್ಲಿ, ಅಂಥವರಿಗೆ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆಯನ್ನು ಕಡ್ಡಾಯವಾಗಿ ವಿಧಿಸುವುದನ್ನೂ ತಡೆಯಿತು.

ಹಾಗಾದರೆ ಇಂದು ಅಂತರ ಉಳಿದಿರುವುದೇಕೆ? ಇದಕ್ಕೆ ಉತ್ತರಿಸುವಾಗ ಪ್ರಾಮಾಣಿಕವಾಗಿರಬೇಕು. ಬಡತನ ಹೆಪ್ಪುಗಟ್ಟಿದ, ಬಂದೂಕು ಸುಲಭವಾಗಿ ಸಿಗುವ ಬೀದಿಗಳಲ್ಲಿ ಕಪ್ಪು ಮಕ್ಕಳು ಹೆಚ್ಚಾಗಿ ಬೆಳೆಯುತ್ತಾರೆ. ಕೆಲವು ಗಂಭೀರ ಹಿಂಸಾಪರಾಧಗಳಲ್ಲಿ ವ್ಯತ್ಯಾಸವಿರುವುದೂ ನಿಜ. ಎಲ್ಲವನ್ನೂ ಪಕ್ಷಪಾತವೆಂಬ ಒಂದೇ ಪದದಿಂದ ವಿವರಿಸಲಾಗದು. ಆದರೆ ಸಣ್ಣ ತಪ್ಪುಗಳು, ಮಾದಕವಸ್ತುವಿನ ಬಳಕೆ ಮೊದಲಾದವುಗಳಲ್ಲಿ ಹದಿಹರೆಯದವರು ತಾವೇ ಹೇಳಿಕೊಂಡ ಲೆಕ್ಕದಂತೆ ಬಣ್ಣಬಣ್ಣಗಳ ನಡುವೆ ಹೆಚ್ಚು ವ್ಯತ್ಯಾಸವಿಲ್ಲ. ಹೀಗಿದ್ದೂ ಬಂಧನ, ತಾತ್ಕಾಲಿಕ ಸೆರೆ, ಮೊಕದ್ದಮೆ, ಶಿಕ್ಷೆ ಎಂಬ ಒಂದೊಂದು ಬಾಗಿಲಲ್ಲಿಯೂ ಸ್ವಲ್ಪ ಸ್ವಲ್ಪ ಅಂತರ ಸೇರುತ್ತ ಹೋಗಿ, ಕೊನೆಯ ಬಾಗಿಲನ್ನು ದಾಟುವ ಹೊತ್ತಿಗೆ ಅದು ದೊಡ್ಡದಾಗಿ ಬೆಳೆದಿರುತ್ತದೆ.

ಈ ಬಾಗಿಲುಗಳಲ್ಲಿ ಏನು ನಡೆಯುತ್ತದೆಂಬುದನ್ನು ತೋರಿಸುವ ಒಂದು ಅಧ್ಯಯನವನ್ನು ನಾನು ಮರೆಯಲಾರೆ. ಜಾರ್ಜ್ ಬ್ರಿಡ್ಜಸ್ ಮತ್ತು ಸಾರಾ ಸ್ಟೀನ್ ಎಂಬ ಸಂಶೋಧಕರು ಪ್ರೊಬೇಷನ್ ಅಧಿಕಾರಿಗಳು ಬರೆದ ಇನ್ನೂರಕ್ಕೂ ಹೆಚ್ಚು ವರದಿಗಳನ್ನು ಓದಿ 1998ರಲ್ಲಿ ತಮ್ಮ ನಿಷ್ಕರ್ಷೆಯನ್ನು ಪ್ರಕಟಿಸಿದರು. ಬಿಳಿಯ ಹುಡುಗ ತಪ್ಪು ಮಾಡಿದಾಗ ಕಾರಣಗಳು ಅವನ ಹೊರಗೆ ಕಾಣುತ್ತಿದ್ದವು: ಕೆಟ್ಟ ಸಹವಾಸ, ಮನೆಯ ಜಗಳ, ಕಷ್ಟದ ಪರಿಸ್ಥಿತಿ. ಕಪ್ಪು ಹುಡುಗ ಅಂಥದೇ ತಪ್ಪು ಮಾಡಿದಾಗ ಕಾರಣಗಳು ಅವನ ಒಳಗೆ ಕಾಣುತ್ತಿದ್ದವು: ಪಶ್ಚಾತ್ತಾಪವಿಲ್ಲ, ಸ್ವಭಾವವೇ ಸರಿಯಿಲ್ಲ, ಅಧಿಕಾರಿಗಳೊಡನೆ ಸಹಕರಿಸುವುದಿಲ್ಲ. ಪರಿಸ್ಥಿತಿ ಬದಲಾಗಬಹುದು, ಸ್ವಭಾವ ಬದಲಾಗುವುದಿಲ್ಲ ಎಂದು ಓದುವವರು ತಿಳಿಯುತ್ತಾರೆ. ಆದುದರಿಂದ ಕಪ್ಪು ಹುಡುಗ ಮುಂದೆಯೂ ಅಪಾಯಕಾರಿ ಎಂಬ ನಿರ್ಣಯ ತಾನಾಗಿಯೇ ಹೊಮ್ಮುತ್ತಿತ್ತು. ಈ ಅಧಿಕಾರಿಗಳು ದುಷ್ಟರೆಂದು ಯಾರೂ ಹೇಳಿಲ್ಲ. ಅವರು ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದರು.

ಇದರೊಡನೆ 2014ರಲ್ಲಿ ಫಿಲಿಪ್ ಗಾಫ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಇನ್ನೊಂದು ಸಂಶೋಧನೆಯನ್ನು ಸೇರಿಸಿ ಓದಬೇಕು. ಗಂಭೀರ ಅಪರಾಧದ ಆರೋಪ ಹೊತ್ತ ಕಪ್ಪು ಹುಡುಗರ ಚಿತ್ರಗಳನ್ನು ತೋರಿಸಿ ವಯಸ್ಸು ಊಹಿಸಲು ಹೇಳಿದಾಗ, ಜನರು ಅವರನ್ನು ಸರಾಸರಿ ನಾಲ್ಕೂವರೆ ವರ್ಷ ದೊಡ್ಡವರೆಂದು ತಿಳಿದರು. ಅಂದರೆ ಹದಿಮೂರೂವರೆಯ ಹುಡುಗ ಹದಿನೆಂಟರ ಯುವಕನಾಗಿ ಕಾಣುತ್ತಾನೆ. ಷಿಕಾಗೋದವರು 1899ರಲ್ಲಿ ಕೊಟ್ಟ ಬಾಲ್ಯದ ರಕ್ಷಣೆಯನ್ನು ಹೀಗೆ ಕಣ್ಣೋಟವೊಂದೇ ಕಿತ್ತುಕೊಳ್ಳಬಲ್ಲದು. ಇದು ನ್ಯಾಯಾಲಯಕ್ಕಿಂತ ಮೊದಲೇ, ಶಾಲೆಯಲ್ಲಿಯೇ ಆರಂಭವಾಗುತ್ತದೆ. ಅಮೆರಿಕದ ಶಿಕ್ಷಣ ಇಲಾಖೆಯ 2011-12ನೆಯ ಸಾಲಿನ ಲೆಕ್ಕದಂತೆ, ಶಾಲಾಪೂರ್ವ ತರಗತಿಗಳಲ್ಲಿ ಕಪ್ಪು ಮಕ್ಕಳ ಪಾಲು ಶೇಕಡ 18. ಒಂದಕ್ಕಿಂತ ಹೆಚ್ಚು ಬಾರಿ ಅಮಾನತ್ತಾದ ಮಕ್ಕಳಲ್ಲಿ ಅವರ ಪಾಲು ಶೇಕಡ 48. ನಮ್ಮ ಅಂಗನವಾಡಿಗೆ ಹೋಗುವ ವಯಸ್ಸಿನ ಮಕ್ಕಳನ್ನು ಅಮಾನತ್ತು ಮಾಡುವುದೆಂದರೇನು ಎಂದು ನಾನು ಬಹಳ ಹೊತ್ತು ಯೋಚಿಸಿದ್ದೇನೆ.

ಅಮೆರಿಕದ ಸಂಸತ್ತು ಈ ಅಂತರವನ್ನು ಕಾನೂನಿನಲ್ಲಿ ಗುರುತಿಸಿದ್ದು 1988ರಲ್ಲಿ. ಕೇಂದ್ರದ ಅನುದಾನ ಬೇಕಾದರೆ ರಾಜ್ಯಗಳು ಇದನ್ನು ಅಳೆದು ತಗ್ಗಿಸಲು ಯತ್ನಿಸಬೇಕೆಂಬ ಷರತ್ತು 1992, 2002 ಮತ್ತು 2018ರ ತಿದ್ದುಪಡಿಗಳಲ್ಲಿ ಹಂತಹಂತವಾಗಿ ಬಿಗಿಯಾಯಿತು. ಒಂದು ಒಳ್ಳೆಯ ಸಂಗತಿಯೆಂದರೆ, ಬಂಧನದಲ್ಲಿರುವ ಮಕ್ಕಳ ಒಟ್ಟು ಸಂಖ್ಯೆ 2000ದಲ್ಲಿ ಒಂದು ಲಕ್ಷಕ್ಕೂ ಹೆಚ್ಚಿದ್ದುದು 2021ರ ಹೊತ್ತಿಗೆ ಸುಮಾರು 25 ಸಾವಿರಕ್ಕೆ ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ 2021ರಲ್ಲಿ ಪ್ರತಿ ಒಂದು ಲಕ್ಷ ಕಪ್ಪು ಮಕ್ಕಳಲ್ಲಿ 228 ಮಂದಿ ಬಂಧನದಲ್ಲಿದ್ದರೆ, ಪ್ರತಿ ಒಂದು ಲಕ್ಷ ಬಿಳಿಯ ಮಕ್ಕಳಲ್ಲಿ ಇದ್ದವರು 49. ಕೆರೆಯ ನೀರು ಇಳಿಯಿತು, ಇಳಿಜಾರು ಹಾಗೆಯೇ ಉಳಿಯಿತು.

ಇಳಿಜಾರನ್ನು ಸರಿಪಡಿಸಿದ ಉದಾಹರಣೆಯೂ ಇದೆ. ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರವಿರುವ ಮಲ್ಟ್ನೋಮಾ ಜಿಲ್ಲೆಯಲ್ಲಿ 1990ರ ದಶಕದಲ್ಲಿ, ಯಾವ ಮಗುವನ್ನು ಬಂಧನದಲ್ಲಿ ಇರಿಸಬೇಕು, ಯಾರನ್ನು ಮನೆಗೆ ಕಳುಹಿಸಬೇಕು ಎಂದು ನಿರ್ಧರಿಸುವ ನಮೂನೆಯನ್ನೇ ಪರಿಶೀಲಿಸಿದರು. ಅದರಲ್ಲಿ 'ಒಳ್ಳೆಯ ಕುಟುಂಬ ವ್ಯವಸ್ಥೆ' ಇದೆಯೇ ಎಂಬ ಅಂಶವಿತ್ತು. ತಂದೆತಾಯಿ ಇಬ್ಬರೂ ಇಲ್ಲದ ಮನೆಯ ಮಗುವಿಗೆ ಅಲ್ಲಿಯೇ ಅಂಕ ಕಡಿಮೆಯಾಗುತ್ತಿತ್ತು. ಅದರ ಬದಲು, ಮಗುವನ್ನು ನ್ಯಾಯಾಲಯಕ್ಕೆ ಕರೆತರುವ ಹೊಣೆ ಹೊರಲು ಹಿರಿಯರೊಬ್ಬರು ಸಿದ್ಧರಿದ್ದಾರೆಯೇ ಎಂದು ಕೇಳಿದರು. ಅಜ್ಜಿಯಾದರೂ ಸರಿ, ಚಿಕ್ಕಮ್ಮನಾದರೂ ಸರಿ. ಬಂಧನಕ್ಕೆ ಬದಲಾಗಿ ನೆರೆಹೊರೆಯಲ್ಲೇ ನಿಗಾ ಇಡುವ ವ್ಯವಸ್ಥೆಗಳನ್ನೂ ಮಾಡಿದರು. ಕೆಲವೇ ವರ್ಷಗಳಲ್ಲಿ ಬಂಧನದ ಪ್ರಮಾಣವೂ ಬಣ್ಣದ ಅಂತರವೂ ಗಮನಾರ್ಹವಾಗಿ ತಗ್ಗಿದವು. ಯಾರ ಹೃದಯವನ್ನೂ ಪರಿವರ್ತಿಸಬೇಕಾಗಲಿಲ್ಲ. ನಮೂನೆಯ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿದರು.

ನನ್ನ ವಿದ್ಯಾರ್ಥಿಗಳಲ್ಲಿ ಉಪಾಧ್ಯಾಯರಾದವರು, ಪೊಲೀಸ್ ಇಲಾಖೆ ಸೇರಿದವರು, ವಕೀಲರಾದವರು ಇದ್ದೀರಿ. ನಾವು ಬರೆಯುವ ವರ್ಗಾವಣೆ ಪತ್ರದಲ್ಲಿ 'ನಡತೆ' ಎಂಬ ಒಂದು ಅಂಕಣವಿರುತ್ತದೆ. ಒಂದೇ ಪದದ ಅಂಕಣ, ಆದರೆ ಮಗು ಎಲ್ಲಿಗೆ ಹೋದರೂ ಅದು ಜೊತೆಯಲ್ಲಿ ಹೋಗುತ್ತದೆ. ಉಪಾಧ್ಯಾಯರ ಕೊಠಡಿಗಳಲ್ಲಿ 'ಪಾಪ, ಮನೆಯಲ್ಲಿ ತೊಂದರೆ' ಎಂದು ಒಬ್ಬ ಹುಡುಗನ ಬಗ್ಗೆಯೂ, 'ಆ ಮನೆತನದ ಬುದ್ಧಿಯೇ ಹಾಗೆ' ಎಂದು ಇನ್ನೊಬ್ಬನ ಬಗ್ಗೆಯೂ ಹೇಳುವುದನ್ನು ನಾನು ವೃತ್ತಿಯುದ್ದಕ್ಕೂ ಕೇಳಿದ್ದೇನೆ. ಇಬ್ಬರೂ ಮಾಡಿದ್ದು ಒಂದೇ ತಪ್ಪು. ಒಂದೇ ಕಿಟಕಿಯ ಗಾಜು. ಬ್ರಿಡ್ಜಸ್ ಮತ್ತು ಸ್ಟೀನ್ ಅವರ ವರದಿಯನ್ನು ಓದಿದಾಗ ಆ ಮಾತುಗಳು ನನಗೆ ಮತ್ತೆ ಕೇಳಿಸಿದವು.

ಆದುದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮಗುವಿನ ವಿಷಯದಲ್ಲಿ ಏನನ್ನಾದರೂ ಬರೆಯಬೇಕಾಗಿ ಬಂದರೆ, ಅದು ಏನು ಮಾಡಿತೆಂಬುದನ್ನು ಬರೆಯಿರಿ, ಯಾವಾಗ, ಯಾವ ಸ್ಥಿತಿಯಲ್ಲಿ ಮಾಡಿತೆಂಬುದನ್ನು ಬರೆಯಿರಿ. ಅದು ಎಂಥದು ಎಂಬ ತೀರ್ಪನ್ನು ಬರೆಯಬೇಡಿ. ಅಮೆರಿಕದಲ್ಲಿರುವವರು ನಿಮ್ಮ ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಯಾವ ಮಕ್ಕಳನ್ನು ಎಷ್ಟು ಬಾರಿ ಅಮಾನತ್ತು ಮಾಡಲಾಗಿದೆ ಎಂಬ ಲೆಕ್ಕವನ್ನು ಒಮ್ಮೆ ಕೇಳಿ ನೋಡಿ. ಜ್ಯೂರಿಯಲ್ಲಿ ಕೂರುವ ಸಂದರ್ಭ ಬಂದರೆ, ಎದುರಿಗೆ ನಿಂತ ಹುಡುಗನ ವಯಸ್ಸನ್ನು ಕಣ್ಣಿನಿಂದ ಅಳೆಯದೆ ಕಾಗದದಲ್ಲಿ ಓದಿ. ಆಲ್ಕೋಲು ಊರಿನ ಆ ಹುಡುಗನ ಕಾಗದದಲ್ಲಿಯೂ ಹದಿನಾಲ್ಕು ಎಂದೇ ಬರೆದಿತ್ತು. ಹತ್ತು ನಿಮಿಷದಲ್ಲಿ ಅದನ್ನು ಯಾರೂ ಓದಲಿಲ್ಲ.